ಪ್ರೋಟೀನ್‌ಗಳ ಆಂತರಿಕ ಚಲನೆಯ ಅನುಕರಣೆ

ಪ್ರೋಟೀನ್ ಅಣುವಿನೊಳಗಿನ ಪರಮಾಣುಗಳು ಕ್ಷಣಕ್ಷಣಕ್ಕೂ ಹೇಗೆ ಸ್ಥಾನ ಬದಲಿಸುತ್ತವೆ ಎಂಬುದನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ ತೋರಿಸುವ ವಿಧಾನವೇ ಪ್ರೋಟೀನ್‌ಗಳ ಆಂತರಿಕ ಚಲನೆಯ ಅನುಕರಣೆ. ಇದಕ್ಕೆ ಹೆಚ್ಚಾಗಿ ಬಳಸುವ ತಂತ್ರಕ್ಕೆ ಮಾಲಿಕ್ಯೂಲರ್ ಡೈನಮಿಕ್ಸ್ ಎಂದು ಹೆಸರು.

ಅಗತ್ಯ

ಪಠ್ಯಪುಸ್ತಕದ ಚಿತ್ರಗಳಲ್ಲಿ ಪ್ರೋಟೀನ್ ನಿಶ್ಚಲವಾಗಿ ಕಾಣುತ್ತದೆ. ಇದು ತಪ್ಪು ಕಲ್ಪನೆಗೆ ಎಡೆಮಾಡಿಕೊಡುವ ಚಿತ್ರ. ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್‌ನ ರಚನೆಯನ್ನು ಜಾನ್ ಕೆಂಡ್ರೂ ಮತ್ತು ಸಂಗಡಿಗರು 1958-60ರಲ್ಲಿ ಕ್ಷ-ಕಿರಣಗಳ ನೆರವಿನಿಂದ ಕಂಡುಕೊಂಡರು. ಆಮ್ಲಜನಕವು ಬಂಧಿತವಾಗುವ ಹೀಮ್ ಭಾಗವು ಅಣುವಿನ ಒಳಗೆ ಹುದುಗಿದ್ದು, ಹೊರಗಿನಿಂದ ಅಲ್ಲಿಗೆ ಹೋಗಲು ಸಾಕಷ್ಟು ಅಗಲವಾದ ದಾರಿಯೇ ಆ ರಚನೆಯಲ್ಲಿ ಕಾಣಿಸಲಿಲ್ಲ. ಆದರೂ ಆಮ್ಲಜನಕ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಹಾಗಿದ್ದರೆ ಸುತ್ತಲಿನ ಅಮೈನೊ ಆಮ್ಲಗಳು ಆಗಾಗ ಸರಿದು ದಾರಿ ಬಿಡಲೇಬೇಕು. ಸ್ಥಿರಚಿತ್ರದಿಂದ ತಿಳಿಯದ ಈ ಸರಿದಾಟವನ್ನು ಅರಿಯುವುದೇ ಅನುಕರಣೆಯ ಉದ್ದೇಶ.

ವಿಧಾನ

ತಿಳಿದಿರುವ ರಚನೆಯೊಂದರಿಂದ ಲೆಕ್ಕ ಆರಂಭವಾಗುತ್ತದೆ. ಪರಮಾಣುಗಳ ನಡುವಿನ ಬಂಧಗಳನ್ನು ಸ್ಪ್ರಿಂಗುಗಳೆಂದು ಭಾವಿಸಿ, ವಿದ್ಯುದಾವೇಶಗಳ ಆಕರ್ಷಣೆ ವಿಕರ್ಷಣೆಗಳನ್ನೂ ಸೇರಿಸಿ, ಪ್ರತಿಯೊಂದು ಪರಮಾಣುವಿನ ಮೇಲಿನ ಬಲವನ್ನು ಕಂಡುಹಿಡಿಯುತ್ತಾರೆ. ಅನಂತರ ಪ್ರೌಢಶಾಲೆಯಲ್ಲಿ ನಾವೆಲ್ಲ ಕಲಿತ ನ್ಯೂಟನ್ನನ ಎರಡನೆಯ ನಿಯಮದಂತೆ ಅದನ್ನು ಕೂದಲೆಳೆಯಷ್ಟೂ ಅಲ್ಲದ ದೂರ ಸರಿಸಿ, ಮತ್ತೆ ಬಲವನ್ನು ಲೆಕ್ಕಹಾಕುತ್ತಾರೆ. ಹೈಡ್ರೋಜನ್ ಬಂಧಿತವಾದ ಕಡೆ ಕಂಪನ ಬಹು ತ್ವರಿತವಾದುದರಿಂದ ಒಂದು ಹೆಜ್ಜೆ 1-2 ಫೆಮ್ಟೊಸೆಕೆಂಡನ್ನು ಮೀರುವಂತಿಲ್ಲ. ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗವೇ ಫೆಮ್ಟೊಸೆಕೆಂಡ್. ಆದರೆ ಪ್ರೋಟೀನ್‌ನ ಅನೇಕ ಮುಖ್ಯ ಚಲನೆಗಳಿಗೆ ಮಿಲಿಸೆಕೆಂಡುಗಳೇ ಬೇಕು. 2 ಫೆಮ್ಟೊಸೆಕೆಂಡಿನ ಹೆಜ್ಜೆಯಲ್ಲಿ ಒಂದು ಮಿಲಿಸೆಕೆಂಡ್ ಕ್ರಮಿಸಲು 50,000 ಕೋಟಿ ಹೆಜ್ಜೆಗಳು. ಈ ಕ್ಷೇತ್ರದ ಕಷ್ಟವೆಲ್ಲ ಬಹುಮಟ್ಟಿಗೆ ಈ ಒಂದು ಸಂಖ್ಯೆಯಲ್ಲಿದೆ.

ಬೆಳವಣಿಗೆ

ಹೈದರಾಬಾದಿನಲ್ಲಿ ಜನಿಸಿದ ಅನೀಸುರ್ ರಹಮಾನ್ 1964ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 864 ಪರಮಾಣುಗಳ ದ್ರವ ಆರ್ಗಾನ್‌ನ ಚಲನೆಯನ್ನು ಅನುಕರಿಸಿದ್ದರು. ಪ್ರೋಟೀನ್‌ಗೆ ಈ ತಂತ್ರವನ್ನು ಮೊದಲು ಅನ್ವಯಿಸಿದವರು ಮೆಕ್ಯಾಮನ್, ಗೆಲಿನ್ ಮತ್ತು ಮಾರ್ಟಿನ್ ಕಾರ್‌ಪ್ಲಸ್ (1977). ದನದ ಮೇದೋಜೀರಕ ಗ್ರಂಥಿಯಲ್ಲಿ ದೊರೆಯುವ, 58 ಅಮೈನೊ ಆಮ್ಲಗಳ ಚಿಕ್ಕ ಪ್ರೋಟೀನ್ ಒಂದನ್ನು ಅವರು ಆರಿಸಿಕೊಂಡರು. ಅನುಕರಿಸಿದ ಅವಧಿ ಸುಮಾರು 9 ಪಿಕೋಸೆಕೆಂಡ್, ಅಂದರೆ ಕೇವಲ 9,000 ಫೆಮ್ಟೊಸೆಕೆಂಡ್. ಜೀವಕೋಶದಲ್ಲಿರುವಂತೆ ಅಣುವನ್ನು ಆವರಿಸುವ ನೀರೂ ಲೆಕ್ಕದಲ್ಲಿರಲಿಲ್ಲ. ಆದರೂ ಪ್ರೋಟೀನ್‌ನ ಒಳಭಾಗ ಕಲ್ಲಿನಂತೆ ಗಟ್ಟಿಯಲ್ಲ, ಅಲ್ಲಿನ ಪರಮಾಣುಗಳ ಚಲನೆ ದ್ರವದ ಚಲನೆಯನ್ನು ಹೋಲುತ್ತದೆ ಎಂಬುದನ್ನು ಆ ಅಲ್ಪ ಅವಧಿಯೇ ತೋರಿಸಿತು. 2010ರಲ್ಲಿ ಡೇವಿಡ್ ಶಾ ಅವರ ತಂಡವು ಇದಕ್ಕೆಂದೇ ನಿರ್ಮಿಸಿದ ಆಂಟನ್ ಎಂಬ ಗಣಕಯಂತ್ರದಲ್ಲಿ ಅದೇ ಪ್ರೋಟೀನ್‌ನ ಚಲನೆಯನ್ನು, ನೀರಿನ ಸಮೇತ, ಒಂದು ಮಿಲಿಸೆಕೆಂಡಿನವರೆಗೆ ಅನುಕರಿಸಿತು.

ಮಿತಿಗಳು

ಬಲಗಳ ಸೂತ್ರಗಳು ಅಂದಾಜಿನವಾದ್ದರಿಂದ ಫಲಿತಾಂಶವನ್ನು ಪ್ರಯೋಗಗಳೊಡನೆ ತಾಳೆನೋಡಬೇಕಾಗುತ್ತದೆ. ಅಲ್ಲದೆ ಸ್ಪ್ರಿಂಗಿನಂಥ ಬಂಧ ಕಡಿಯುವುದಿಲ್ಲ. ಆದ್ದರಿಂದ ರಾಸಾಯನಿಕ ಕ್ರಿಯೆಯನ್ನು ಈ ವಿಧಾನವೊಂದರಿಂದಲೇ ಅನುಕರಿಸಲಾಗದು. ಏರಿಯಲ್ ವಾರ್ಷೆಲ್ ಮತ್ತು ಮೈಕೆಲ್ ಲೆವಿಟ್ 1976ರಲ್ಲಿ ಕ್ರಿಯೆ ನಡೆಯುವ ಭಾಗಕ್ಕೆ ಮಾತ್ರ ಕ್ವಾಂಟಮ್ ಸಿದ್ಧಾಂತವನ್ನೂ ಉಳಿದುದಕ್ಕೆ ನ್ಯೂಟನ್ನನ ನಿಯಮಗಳನ್ನೂ ಬಳಸುವ ಮಾರ್ಗವನ್ನು ಸೂಚಿಸಿದರು. ಇಂತಹ ಮಿಶ್ರ ಮಾದರಿಗಳಿಗಾಗಿ ಅವರಿಬ್ಬರಿಗೂ ಕಾರ್‌ಪ್ಲಸ್ ಅವರಿಗೂ 2013ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.