ಮಳೆಗಾಲದ ಮಣ್ಣು, ಮದ್ದಿಗೆ ಮಣಿಯದ ರೋಗಾಣು

ಮುಂಗಾರು ಬಲಗೊಂಡು ಗದ್ದೆಗಳಲ್ಲಿ ನೀರು ನಿಂತೊಡನೆ ಉಡುಪಿ, ಕಾಪು, ಕಾರ್ಕಳದ ಕಡೆ ಜ್ವರಪೀಡಿತರು ಹೆಚ್ಚುತ್ತಾರೆ. ಇಲಿಜ್ವರ, ಡೆಂಗಿಗಳನ್ನು ಎಲ್ಲರೂ ಬಲ್ಲರು. ಅವುಗಳ ಮರೆಯಲ್ಲಿ ಬರುವ ಮೆಲಿಯೋಯ್ಡೋಸಿಸ್ ಎಂಬ ವ್ಯಾಧಿಯನ್ನು ಬಲ್ಲವರು ವಿರಳ. 1912ರಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಿಂದ ವರದಿ ಮಾಡಿದ ಈ ರೋಗವನ್ನು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ತಜ್ಞರು ನಮ್ಮ ಕರಾವಳಿಯ ರೋಗಿಗಳಲ್ಲಿ ಅನೇಕ ವರ್ಷಗಳಿಂದ ಗುರುತಿಸುತ್ತ ಬಂದಿದ್ದಾರೆ.

ಇದರ ರೋಗಾಣು ಒದ್ದೆ ಮಣ್ಣು, ಕೆಸರುನೀರುಗಳ ನಿವಾಸಿ. ಕಾಲಿನ ಸಣ್ಣ ಗಾಯವೂ ಅದಕ್ಕೆ ಬಾಗಿಲು. ಉಸಿರಿನ ಮೂಲಕವೂ ಸೇರಬಲ್ಲದು. ಶ್ವಾಸಕೋಶ, ಯಕೃತ್ತು, ಗುಲ್ಮ, ಸಂಧಿಗಳಲ್ಲಿ ಕೀವು ಕಟ್ಟುತ್ತದೆ; ರಕ್ತಕ್ಕೆ ಹರಡಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಕ್ಷಯವೆಂದು ಭ್ರಮಿಸಿ ತಿಂಗಳುಗಟ್ಟಲೆ ವ್ಯರ್ಥ ಚಿಕಿತ್ಸೆ ನಡೆದ ಪ್ರಸಂಗಗಳುಂಟು. ಮಧುಮೇಹಿಗಳೇ ಇದರ ಮುಖ್ಯ ಗುರಿ. ಪ್ರಮೇಹದಲ್ಲಿ ಹುಟ್ಟುವ ಪಿಡಕಗಳ ಬಗ್ಗೆ ಚರಕ, ಸುಶ್ರುತರು ಎಚ್ಚರಿಸಿರುವುದು ಇಲ್ಲಿ ಸಹಜವಾಗಿ ನೆನಪಾಗುತ್ತದೆ.

ಪೆನಿಸಿಲಿನ್, ಜೆಂಟಾಮೈಸಿನ್‌ಗಳಿಗೆ ಈ ರೋಗಾಣು ಹುಟ್ಟಿನಿಂದಲೇ ಬಗ್ಗುವುದಿಲ್ಲ. ಒಳಹೊಕ್ಕ ಮದ್ದನ್ನು ಹೊರದೂಡುವ ವ್ಯವಸ್ಥೆ ಅದರ ಕೋಶದಲ್ಲಿಯೇ ಇದೆ. ಆದ್ದರಿಂದ ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಔಷಧವನ್ನು ಕನಿಷ್ಠ ಎರಡು ವಾರ ರಕ್ತನಾಳದ ಮೂಲಕ ಕೊಟ್ಟು, ಬಳಿಕ ಸುಮಾರು ಮೂರು ತಿಂಗಳು ಕೋಟ್ರೈಮೋಕ್ಸಜೋಲ್ ಮಾತ್ರೆ ಸೇವಿಸಬೇಕಾಗುತ್ತದೆ. ಜ್ವರ ಇಳಿಯಿತೆಂದು ಮಾತ್ರೆ ಬಿಟ್ಟವರಲ್ಲಿ ರೋಗ ಮರುಕಳಿಸುತ್ತದೆ. ಅಮೃತಬಳ್ಳಿಯ ಕಷಾಯದಿಂದ ಇದು ಗುಣವಾಗುವುದೆಂದು ಆಯುರ್ವೇದ ವೈದ್ಯನಾದ ನಾನು ಹೇಳಲಾರೆ.

ಆಡು, ಕುರಿ, ಹಂದಿಗಳಿಗೂ ಈ ರೋಗ ತಗಲುತ್ತದೆ. ಆದರೆ ಹಟ್ಟಿಯಲ್ಲಿ ನಮ್ಮ ಕೈಯಿಂದಲೇ ಬೆಳೆಯುವ ಅಪಾಯ ಬೇರೊಂದು. ಹಸುವಿನ ಕೆಚ್ಚಲು ಬಾವಿಗೆ ಉಳಿದ ಔಷಧವನ್ನು ಅಳತೆಯಿಲ್ಲದೆ ಕೊಟ್ಟಾಗ ದುರ್ಬಲ ರೋಗಾಣುಗಳು ಸತ್ತು, ಸಹಿಸಿಕೊಂಡವು ಉಳಿದು ವೃದ್ಧಿಸುತ್ತವೆ. ಸೆಗಣಿ, ನೀರು, ಕೈಗಳ ಮೂಲಕ ಅವು ಮನೆಯೊಳಗೂ ಬರುತ್ತವೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದ್ದು ಈ ಕಾರಣದಿಂದಲೇ. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಬಳಸಕೂಡದು, ಡೈರಿಗೂ ಹಾಕಕೂಡದು.

ಮಧುಮೇಹವುಳ್ಳವರು ಬರಿಗಾಲಿನಲ್ಲಿ ಗದ್ದೆಗಿಳಿಯದೆ ಗಂಬೂಟು ಧರಿಸುವುದು ಒಳಿತು. ಮಳೆಗಾಲದಲ್ಲಿ ಜ್ವರ ಬಿಡದಿದ್ದರೆ, ತಾವು ಮಧುಮೇಹಿಗಳೆಂಬುದನ್ನೂ ಕೆಸರಿನಲ್ಲಿ ದುಡಿದುದನ್ನೂ ವೈದ್ಯರಿಗೆ ತಿಳಿಸಿ, ರಕ್ತದ ಕಲ್ಚರ್ ಪರೀಕ್ಷೆಯ ಅಗತ್ಯವನ್ನು ವಿಚಾರಿಸಬೇಕು. ಆಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುನ್ನವೇ ರಕ್ತ ಕೊಟ್ಟರೆ ರೋಗಾಣು ಪತ್ತೆಯಾಗುವ ಸಂಭವ ಹೆಚ್ಚು.