ಇಸಿಜಿ ನಾರ್ಮಲ್, ಆದರೆ ಮಗ ಚೆನ್ನಾಗಿಲ್ಲ

ಇದು ಹೃದಯದ ಡಾಕ್ಟರ್ ಬರೆಯುವ ವಿಷಯವಾ ಎಂದು ನಿಮಗೆ ಅನಿಸಬಹುದು. ಆದರೆ ನನ್ನ ಓಪಿಡಿಗೆ ಇದು ದಾರಿ ತಪ್ಪಿ ಬರುತ್ತಲೇ ಇರುತ್ತದೆ.

ಇಪ್ಪತ್ಮೂರು, ಇಪ್ಪತ್ತೈದರ ಹುಡುಗ ಅಥವಾ ಹುಡುಗಿ. ಡಿಗ್ರಿ ಮುಗಿದಿದೆ, ಕೆಲಸ ಸಿಕ್ಕಿಲ್ಲ, ಅಥವಾ ಸಿಕ್ಕಿದ್ದು ಹೋಗಿದೆ. ರಾತ್ರಿ ಎರಡು ಗಂಟೆಗೆ ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಕೈಯೆಲ್ಲ ಜೋಮು. ಹಾರ್ಟ್ ಅಟ್ಯಾಕ್ ಅಂದುಕೊಂಡು ಕರೆತರುತ್ತಾರೆ. ಇಸಿಜಿ, ಎಕೋ ಎರಡೂ ನಾರ್ಮಲ್. "ಏನೂ ಇಲ್ಲವಂತೆ, ಸುಮ್ಮನೆ ಹೆದರಿಸಿದೆ" ಎಂದು ಅಪ್ಪ ನನ್ನ ಎದುರೇ ಅಂದುಬಿಡುತ್ತಾರೆ. ಆಗ ಆ ಮಗುವಿನ ಮುಖ ನೋಡಲಾಗುವುದಿಲ್ಲ.

ಹೃದಯದಲ್ಲಿ ಏನೂ ಇಲ್ಲ, ಅಷ್ಟೇ. ಅದು ನಾಟಕವಲ್ಲ. ಆತಂಕ ಹೆಚ್ಚಾದಾಗ ಅಡ್ರಿನಲಿನ್ ಏರುತ್ತದೆ, ಎದೆಬಡಿತ ನಿಜವಾಗಿಯೇ ಓಡುತ್ತದೆ. ಇದು ಪ್ಯಾನಿಕ್ ಅಟ್ಯಾಕ್. ಸಾಮಾನ್ಯವಾಗಿ 10 ನಿಮಿಷದೊಳಗೆ ಜೋರಾಗಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಆದರೂ ಮೊದಲ ಸಲ ಬಂದಾಗ ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಲೇಬೇಕು.

ಇನ್ನು ಮನೆಯ ಮಾತು. ನಮ್ಮದು ಪರಊರಿನ ಒನ್ ಬಿಎಚ್‌ಕೆ ಸಂಸಾರ. ಊರಿಂದ ದೊಡ್ಡಪ್ಪ ಫೋನ್ ಮಾಡಿ "ಮಗನಿಗೆ ಕೆಲಸ ಆಯ್ತಾ?" ಎಂದರೆ ಉತ್ತರ ಅವನ ಕಿವಿಗೇ ಬೀಳುತ್ತದೆ. ಆ ಫೋನನ್ನು ಹೊರಗೆ ಹೋಗಿ ಮಾತಾಡಿ. ಕೆಲಸದ ವಿಚಾರ ವಾರಕ್ಕೆ ಒಂದು ದಿನ ಸಾಕು, ಊಟಕ್ಕೆ ಕೂತಾಗ ಬೇಡವೇ ಬೇಡ. ಬೆಳಿಗ್ಗೆ ಏಳುವ ಹೊತ್ತು, ಸಂಜೆ ಅರ್ಧ ಗಂಟೆ ನಡಿಗೆ, ಮನೆಯಲ್ಲಿ ಅವನದೇ ಅನ್ನುವ ಒಂದು ಜವಾಬ್ದಾರಿ, ಇಷ್ಟು ಗಟ್ಟಿಯಾಗಿ ಹಿಡಿಯಿರಿ. ರಾತ್ರಿ ಕಾಫಿ, ಎನರ್ಜಿ ಡ್ರಿಂಕ್ ನಿಲ್ಲಿಸಿ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಇನ್ನೊಬ್ಬರ ಮನೆ ಮಗಳು ಔಷಧಿಯಲ್ಲ.

ಮಂಕು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ಮನೋವೈದ್ಯರಿಗೆ ತೋರಿಸಿ. ಮುಂಬೈನ ಕೆಇಎಂ, ಪುಣೆಯ ಸಸೂನ್, ಚೆನ್ನೈನ ಕಿಲ್ಪಾಕ್, ಹೈದರಾಬಾದಿನ ಎರ್ರಗಡ್ಡ, ದೆಹಲಿಯ ಇಹ್ಬಾಸ್, ಇವೆಲ್ಲ ಸರ್ಕಾರಿ ಜಾಗಗಳೇ. 18 ದಾಟಿದ ಮಕ್ಕಳು ಒಳಗೆ ಹೇಳಿದ್ದನ್ನು ಡಾಕ್ಟರ್ ನಿಮಗೆ ಹೇಳದಿದ್ದರೆ ಸಿಟ್ಟಾಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು ಅದು. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ನಡುವೆ ನೀವಾಗಿ ನಿಲ್ಲಿಸಬೇಡಿ.

ಒಂದು ಪ್ರಶ್ನೆ ಕೇಳಲು ಎಲ್ಲರೂ ಹೆದರುತ್ತಾರೆ: "ಬದುಕೋದೇ ಬೇಡ ಅನ್ನಿಸ್ತಿದೆಯಾ ಕಂದಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ. ಹೌದು ಎಂದರೆ ಬೈಯಬೇಡಿ, ಅಳಬೇಡಿ, ಒಂಟಿಯಾಗಿ ಬಿಡಬೇಡಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಮಗ ಹಿಂದಿಯಲ್ಲಿ ಮಾತಾಡಲಿ, ಅಮ್ಮ ಕನ್ನಡದಲ್ಲಿ.

ಇನ್ನೊಂದು, ಇದು ನನ್ನ ವಿಭಾಗದ್ದೇ. ಫ್ರಿಜ್ ಮೇಲೆ ಇಟ್ಟಿರುವ ನಿಮ್ಮ ಬಿಪಿ, ಹಾರ್ಟ್, ಶುಗರ್ ಮಾತ್ರೆಗಳು ಒಟ್ಟಿಗೆ ನುಂಗಿದರೆ ಜೀವ ತೆಗೆಯಬಲ್ಲವು. ಮಗ ಹೌದು ಎಂದ ಮನೆಯಲ್ಲಿ ಆ ಡಬ್ಬಿ ಇವತ್ತೇ ಬೀರುವಿನೊಳಗೆ ಹೋಗಲಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ.