ಉಣ್ಣೆಗೆ ಅಡುಗೆಮನೆಯ ಬಣ್ಣ

ಬೆಳಗಾವಿಯ ಖಾಸಬಾಗವೆಂದರೆ ನೇಕಾರರ ಬಡಾವಣೆ. ಪಕ್ಕದ ವಡಗಾವಿ, ಶಹಾಪುರಗಳಂತೆ ಇಲ್ಲಿಯೂ ಮಗ್ಗದ ಸದ್ದೇ ಗುರುತು. ಇಲ್ಲಿ ಸಿದ್ಧವಾಗುವುದು ಸೀರೆ. ಬಣ್ಣವೇ ಅದರ ಜೀವಾಳ. ಇದೇ ಸೀಮೆಯ ಕುರುಬರು ನೇಯುವ ಕಂಬಳಿಯ ರೀತಿ ಬೇರೆ. ದಖನಿ ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಖಾನಾಪುರದ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿಯುವವರಿಗೆ ಬೇಕಾದದ್ದು ಅಂದವಲ್ಲ, ಬೆಚ್ಚಗಿನ ಆಸರೆ.

ವಿಚಿತ್ರವೆಂದರೆ, ಮನೆಯಲ್ಲಿ ಬಣ್ಣ ಹಾಕಲು ಹತ್ತಿಗಿಂತ ಉಣ್ಣೆಯೇ ಸುಲಭ. ಹತ್ತಿ ಗಿಡದ ನಾರು. ಉಣ್ಣೆ ನಮ್ಮ ಕೂದಲಿನಂತೆ ಪ್ರೋಟೀನಿನಿಂದಾದದ್ದು. ಪ್ರೋಟೀನು ಬಣ್ಣದ ಕಣಗಳನ್ನು ಬೇಗ ಹಿಡಿದುಕೊಳ್ಳುತ್ತದೆ. ಆ ಹಿಡಿತವನ್ನು ಬಿಗಿಗೊಳಿಸುವುದು ಪಟಿಕ, ಅಂದರೆ ಮರಾಠಿಯ ತುರಟಿ. ಅದರಲ್ಲಿರುವ ಅಲ್ಯೂಮಿನಿಯಂ ಒಂದು ಕೈಯಲ್ಲಿ ಉಣ್ಣೆಯನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದು ನಿಲ್ಲುತ್ತದೆ.

ನೂರು ಗ್ರಾಂ ಬಿಳಿ ಉಣ್ಣೆಯ ಲಡಿಗೆ ಸುಮಾರು ಹತ್ತು ಗ್ರಾಂ ಪಟಿಕ ಸಾಕು. ಲಡಿಯನ್ನು ಮೃದು ಸಾಬೂನಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ಪಟಿಕ ಕರಗಿಸಿದ ಉಗುರುಬೆಚ್ಚಗಿನ ನೀರಿಗೆ ಒದ್ದೆ ಲಡಿಯನ್ನು ಇಳಿಸಿ, ನಿಧಾನವಾಗಿ ಕಾಯಿಸಿ, ಕುದಿ ಬರುವ ಮೊದಲಿನ ಬಿಸಿಯಲ್ಲಿ ಒಂದು ತಾಸು ಇಟ್ಟು ಅದರಲ್ಲೇ ಆರಲು ಬಿಡಬೇಕು. ಇನ್ನೊಂದು ಪಾತ್ರೆಯಲ್ಲಿ ನೂಲಿನಷ್ಟೇ ತೂಕದ ಒಣ ಉಳ್ಳಾಗಡ್ಡಿ ಸಿಪ್ಪೆಯನ್ನು ಒಂದು ತಾಸು ಕುದಿಸಿ ಸೋಸಬೇಕು. ಆ ರಸ ಉಗುರುಬೆಚ್ಚಗಾದಾಗ ಲಡಿಯನ್ನು ಹಾಕಿ ಮತ್ತೆ ಮೆಲ್ಲನೆ ಕಾಯಿಸಿದರೆ ಹೊನ್ನಿನಿಂದ ತಾಮ್ರದವರೆಗಿನ ಬಣ್ಣ ಏರುತ್ತದೆ. ದಾಳಿಂಬೆ ಸಿಪ್ಪೆ ಮಾಸಲು ಹಳದಿ ಕೊಡುತ್ತದೆ. ಅದನ್ನೇ ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಣ್ಣ ಬೂದಿಗಪ್ಪಿಗೆ ತಿರುಗುತ್ತದೆ. ಈ ಕೆಲಸದ ಪಾತ್ರೆಗಳನ್ನು ಅಡುಗೆಗೆ ಬಳಸಬಾರದು.

ಬಣ್ಣ ಹಿಡಿಯುವುದು ಬೇರೆ, ಉಳಿಯುವುದು ಬೇರೆ. ಅರಿಶಿನ ಪಟಿಕವಿಲ್ಲದೆಯೂ ಥಳಥಳ ಹಳದಿ ಕೊಡುತ್ತದೆ, ಆದರೆ ಬಿಸಿಲಿಗೆ ನಿಲ್ಲದು. ಸುಣ್ಣ ಬೆರೆತೊಡನೆ ಅರಿಶಿನದ ನೀರು ಕೆಂಪು ಓಕುಳಿಯಾಗುವುದನ್ನು ಎಲ್ಲರೂ ಬಲ್ಲರು. ಸಾಬೂನು ತಗುಲಿದ ಅರಿಶಿನದ ನೂಲೂ ಹಾಗೆಯೇ ಕೆಂಪಾಗುತ್ತದೆ. ಬೀಟ್‌ರೂಟಿನ ಕೆಂಪು ಪಾತ್ರೆಯಲ್ಲಿ ಕಣ್ಣು ಕೋರೈಸಿ ನೂಲಿನಲ್ಲಿ ಬೇಗ ಮಂಕಾಗುತ್ತದೆ. ಬಣ್ಣ ಹಾಕಿದ ಎಳೆಯ ಅರ್ಧಭಾಗವನ್ನು ರಟ್ಟಿನಲ್ಲಿ ಮುಚ್ಚಿ ಎರಡು ವಾರ ಕಿಟಕಿಯ ಬಿಸಿಲಿಗಿಟ್ಟರೆ ಯಾವುದು ಬಾಳುವ ಬಣ್ಣವೆಂದು ತಿಳಿಯುತ್ತದೆ.

ಉಣ್ಣೆಗೆ ಎರಡು ಶತ್ರುಗಳು. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿ ಉಜ್ಜಿದರೆ ಎಳೆಗಳು ಹೆಣೆದುಕೊಂಡು ಗಂಟಾಗುತ್ತವೆ. ಹತ್ತಿಗೆ ಒಗ್ಗುವ ಸೋಡಾ ಉಣ್ಣೆಯನ್ನು ಪೆಡಸಾಗಿಸುತ್ತದೆ.

1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಇಂಗ್ಲಿಷ್ ತರುಣ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಕೃತಕ ಬಣ್ಣ ಕಂಡುಹಿಡಿದ. ಮುಂದೆ ಪುಡಿಬಣ್ಣಗಳು ಪೇಟೆ ತುಂಬಿದವು. ಸಿಪ್ಪೆ, ತೊಗಟೆಗಳ ತಿಳಿವಳಿಕೆ ಹಿಂದೆ ಸರಿಯಿತು. ಕಂಬಳಿಗೂ ಅದೇ ಗತಿ: ಗಿರಣಿಯ ಅಗ್ಗದ ಹೊದಿಕೆಗಳೆದುರು ಒರಟು ದಖನಿ ಉಣ್ಣೆಯನ್ನು ಕೇಳುವವರು ಕಡಿಮೆಯಾದರು. ಕರಿ ಉಣ್ಣೆಯ ಮೇಲೆ ಯಾವ ಬಣ್ಣವೂ ಕಾಣದು, ನಿಜ. ಆದರೆ ಹಿಂಡಿನ ಬಿಳಿ, ಬೂದು ಕುರಿಗಳ ಉಣ್ಣೆಯನ್ನು ಬೇರೆ ಇಟ್ಟು ಬಣ್ಣ ಹಾಕಿದರೆ, ಕರಿ ಕಂಬಳಿಗೆ ಹೊನ್ನಿನಂಚು ಬರಲು ಬೇಕಾದುದು ಸಂತೆಯ ಪಟಿಕ ಮತ್ತು ಎಸೆಯುವ ಸಿಪ್ಪೆ, ಇಷ್ಟೇ.